'ಶ್ರೀ ಮುರುಗನ್' (1946) ಹಾಡಿನ ಪುಸ್ತಕ ಸಿಕ್ಕಿದೆ, ಸಿನಿಮಾ ಎಲ್ಲಾದ್ರೂ ಇದೆಯಾ?

ಮೂಡಿಗೆರೆಯಿಂದ:
ನಮ್ಮಜ್ಜ ಕಾಫಿ ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋರು ಆಗಿದ್ರು. ಹೋದ ತಿಂಗಳು ಅಟ್ಟ ಗುಡಿಸುವಾಗ ಅವರ ಟ್ರಂಕಿನಲ್ಲಿ, ಆಳುಗಳ ಹಾಜರಿಯ ಚೆಕ್‌ರೋಲ್ ಪುಸ್ತಕಗಳ ಮಧ್ಯೆ, ತಮಿಳಿನ ಹಾಡಿನ ಪುಸ್ತಕ ಸಿಕ್ತು. ರಟ್ಟು ಹೋಗಿದೆ, ಅಂಚೆಲ್ಲ ಹುಳ ತಿಂದಿದೆ. ತೋಟದ ಕೆಲಸದವರ ಲೈನ್ ಮನೆಯ ಅಜ್ಜಿಯೊಬ್ಬರು ಓದಿ ಹೇಳಿದ್ರು. ಮುರುಗನಾಗಿ ನಮ್ಮ ಹೊನ್ನಪ್ಪ ಭಾಗವತರು, ಶಿವನಾಗಿ ಎಂ.ಜಿ.ಆರ್!

"ಎಂ.ಜಿ.ಆರ್ ತಾಂಡವ ಕುಣಿದಿದ್ದನ್ನ ಟೆಂಟಲ್ಲಿ ನೋಡಿದೋನು ನಾನು" ಅಂತ ಅಜ್ಜ ಹೇಳ್ತಿದ್ರು. ನಾವ್ಯಾರೂ ನಂಬಿರಲಿಲ್ಲ. ಈಗ ಹೊಟ್ಟೆ ಉರಿಯುತ್ತೆ. ಪುಸ್ತಕದಲ್ಲಿ ಕಥಾಸಾರ ಅರ್ಧಕ್ಕೇ ನಿಂತು, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಿ ಅಂತಿದೆ. ಸುಬ್ರಹ್ಮಣ್ಯನ ಕಥೆ ಕುಕ್ಕೆಗೆ ಹೋಗಿಬಂದ ಎಲ್ಲರಿಗೂ ಗೊತ್ತು. ನನಗೆ ಬೇಕಿರೋದು ಆ ಕುಣಿತ. ಒಂದು ರೀಲಾದ್ರೂ ಉಳಿದಿದೆಯಾ?

ಹಾಸನದಿಂದ:
ನಾನೂ ವರ್ಷಗಟ್ಟಲೆ ಹುಡುಕಿದೀನಿ. ಪ್ರತಿ ಉಳಿದಿಲ್ಲ ಅಂತಲೇ ಎಲ್ರೂ ಹೇಳೋದು. ಮುರುಗನ ಪಾತ್ರ ಮೊದಲು ಆಗಿನ ತಮಿಳು ತಾರೆ ಎಂ.ಕೆ. ತ್ಯಾಗರಾಜ ಭಾಗವತರದ್ದು. ಪತ್ರಕರ್ತ ಲಕ್ಷ್ಮೀಕಾಂತನ್ ಅವರ ಕೊಲೆ ಮೊಕದ್ದಮೆಯಲ್ಲಿ 1944ರ ಕೊನೆಗೆ ಅವರ ಬಂಧನ ಆಯ್ತು, ನೆಲಮಂಗಲದ ಕಡೆಯ ಹೊನ್ನಪ್ಪನವರಿಗೆ ಪಾತ್ರ ಬಂತು. ಗುಬ್ಬಿ ಕಂಪನಿಯಲ್ಲಿ ಪಳಗಿದ ಕಂಠ ಅದು. ಅದಕ್ಕೇ ಇದು ತಮಿಳರ ನಷ್ಟ ಮಾತ್ರ ಅಲ್ಲ, ನಮ್ಮದೂ ಹೌದು.

ಆಗಿನ ರೀಲು ನೈಟ್ರೇಟ್ ಅನ್ನೋ, ಬೇಗ ಹೊತ್ತಿಕೊಳ್ಳುವ ವಸ್ತುವಿನದು. ಸೆಕೆಗೆ, ತೇವಕ್ಕೆ ಮೊದಲು ಅಂಟಂಟಾಗಿ, ಆಮೇಲೆ ಪುಡಿಯಾಗುತ್ತೆ. ಬೆಂಕಿ ಹತ್ತಿದ್ರೆ ನೀರಿಗೂ ಆರಲ್ಲ. ಓಟ ಮುಗಿದ ಪ್ರತಿಗಳನ್ನ ರೀಲಿನಲ್ಲಿರೋ ಬೆಳ್ಳಿ ತೆಗೆಯೋಕೆ ಮಾರಿಬಿಡ್ತಿದ್ರು. ಹಳೇ ಸಿನಿಮಾ ಕಾಪಾಡೋ ಪುಣೆಯ ರಾಷ್ಟ್ರೀಯ ಚಿತ್ರ ಭಂಡಾರ ಶುರುವಾಗಿದ್ದೇ 1964ರಲ್ಲಿ. ಅಷ್ಟೊತ್ತಿಗೆ ಹದಿನೆಂಟು ಮಳೆಗಾಲ ಕಳೆದಿತ್ತು.

ಬೇಲೂರಿನಿಂದ:
ದಯವಿಟ್ಟು ಪುಸ್ತಕಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಟೇಪೂ ಅಂಟಿಸಬೇಡಿ. ಪುಟ ಪುಟ ಸ್ಕ್ಯಾನ್ ಮಾಡಿ ಪುಣೆಯ ಭಂಡಾರದವರಿಗೆ ಬರೀರಿ. ಅವರು ಹಾಡಿನ ಪುಸ್ತಕ, ಪೋಸ್ಟರನ್ನೂ ಕೂಡಿಡ್ತಾರೆ. ತೋಟದ ಹಳೇ ಬಂಗಲೆಗಳಲ್ಲಿ ಗ್ರಾಮಫೋನ್ ಪ್ಲೇಟುಗಳಿದ್ರೆ ವಿಚಾರಿಸಿ. ಚಿತ್ರ ಹೋದರೂ ದನಿ ಎಲ್ಲೋ ಉಳಿದಿರಬಹುದು.

ಮೂಡಿಗೆರೆಯಿಂದ:
ಸ್ಕ್ಯಾನ್ ಆಯ್ತು. ದೀಪದ ಬೆಳಕಲ್ಲಿ ನೋಡುವಾಗ ಒಂದು ಹಾಡಿನ ಪಕ್ಕ ಸಣ್ಣ ಪೆನ್ಸಿಲ್ ಬರಹ ಕಾಣಿಸ್ತು. ಅಜ್ಜನಿಗೆ ತಮಿಳು ಓದೋಕೆ ಬರ್ತಿರಲಿಲ್ಲ. ಯಾರಿಂದಲೋ ಕೇಳಿ, ಅಷ್ಟೂ ಸಾಲನ್ನ ಕನ್ನಡ ಅಕ್ಷರದಲ್ಲಿ ಬರ್ಕೊಂಡಿದಾರೆ. ಭಾನುವಾರ ಲೈನ್ ಮನೆ ಅಜ್ಜಿಗೆ ಓದಿ ತೋರಿಸ್ತೀನಿ. ರಾಗ ನೆನಪಿದೆಯಾ ಅಂತ ಕೇಳ್ತೀನಿ.