ಏಪ್ರಿಲ್ 24ರ ಸಮಸ್ಯೆ: ಅವಳಿ ಮಕ್ಕಳ ನಡುವೆ ನಲ್ವತ್ತನಾಲ್ಕು ವರುಷವೆ

ಸಮಸ್ಯೆ ಕೊಟ್ಟವರು

ಎಲ್ರಿಗೂ ನಮಸ್ಕಾರ. ಮಳೆ, ಬೆಳದಿಂಗಳು, ವಿರಹ ಅಂತ ಬರ್ದು ಬರ್ದು ಸಾಕಾಗಿದೆ ಬೇರೆ ಏನಾದ್ರೂ ಕೊಡಿ ಅಂತ ಕೇಳ್ತಿದ್ರಲ್ಲ, ತಗೊಳ್ಳಿ, ಈ ಸಲ ಹುಟ್ಟುಹಬ್ಬ. ಅದೂ ಎಂಥ ಹುಟ್ಟುಹಬ್ಬ, ಏಪ್ರಿಲ್ 24. ಅಣ್ಣಾವ್ರು ಹುಟ್ಟಿದ್ದು 1929ರ ಏಪ್ರಿಲ್ 24, ಸಚಿನ್ ಹುಟ್ಟಿದ್ದು 1973ರ ಏಪ್ರಿಲ್ 24. ಬೆಳಗ್ಗೆ ಎದ್ದು ಫೋನ್ ತೆಗೆದ್ರೆ ಒಂದು ಸ್ಟೇಟಸ್‌ನಲ್ಲಿ ರಾಜಕುಮಾರ್ ಕೈ ಮುಗಿದುಕೊಂಡು ನಗ್ತಾ ಇರ್ತಾರೆ, ಮುಂದಿನ ಸ್ಟೇಟಸ್‌ನಲ್ಲಿ ಸಚಿನ್ ಬ್ಯಾಟ್ ಎತ್ತಿ ಆಕಾಶ ನೋಡ್ತಾ ಇರ್ತಾರೆ, ಪ್ರತಿ ವರ್ಷ ನಂಗೆ ಇದನ್ನ ನೋಡಿದಾಗ ಒಂದೇ ಮನೆಯ ಇಬ್ಬರು ಮಕ್ಕಳ ಹುಟ್ಟಿದ ದಿನ ಮಾಡ್ತಿದ್ದೀವೇನೋ ಅನ್ಸತ್ತೆ. ಆ ಅನಿಸಿಕೆಯಿಂದ ಹುಟ್ಟಿದ ಸಾಲು ಇದು:

ಅವಳಿ ಮಕ್ಕಳ ನಡುವೆ ನಲ್ವತ್ತನಾಲ್ಕು ವರುಷವೆ

ಅವಳಿ ಅಂದ್ಮೇಲೆ ನಿಮಿಷಗಳ ಅಂತರ ಇರ್ಬೇಕು, 44 ವರ್ಷ ಹೇಗೆ? ಅದನ್ನ ಬಿಡಿಸೋದೇ ನಿಮ್ಮ ಕೆಲಸ. ಆರು ಸಾಲಿನ ಭಾಮಿನಿ ಷಟ್ಪದಿ, ಇದು ಆರನೇ ಸಾಲು, ಉಳಿದ ಐದು ನಿಮ್ಮವು. 1, 2, 4, 5ನೇ ಸಾಲಿಗೆ ಮೂರು ನಾಲ್ಕು ಮೂರು ನಾಲ್ಕು ಮಾತ್ರೆ (ಉಚ್ಚಾರದ ಅಳತೆ, ಲಘು ಅಕ್ಷರಕ್ಕೆ ಒಂದು, ಗುರುವಿಗೆ ಎರಡು), 3 ಮತ್ತು 6ಕ್ಕೆ ಅದೇ ಮೂರು ನಾಲ್ಕು ಮೂರು ಸಲ ಬಂದು ಕೊನೆಗೊಂದು ಗುರು. ಆದಿಪ್ರಾಸ ಬಿಡೋ ಹಾಗಿಲ್ಲ, ಎಲ್ಲ ಸಾಲಲ್ಲೂ ಎರಡನೇ ಅಕ್ಷರ ವಕಾರ, ಮೊದಲಕ್ಷರ ಹ್ರಸ್ವ, ಅಂದ್ರೆ ಸಿಂಹಪ್ರಾಸ. ವಕಾರಕ್ಕೆ ಪದಗಳ ಬರ ಇಲ್ಲ, ಕವಿ ಇದೆ, ರವಿ ಇದೆ, ಸವಿ, ಬೆವರು, ತವರು, ಕಿವಿ, ಎಲ್ಲ ಇದೆ. ಬನ್ನಿ.

ಉತ್ತರ 1

ಮೇಷ್ಟ್ರೇ, ಸಾಲು ನೋಡಿದ ತಕ್ಷಣ ತಾರೀಕನ್ನೇ ತಾಯಿ ಮಾಡಿಬಿಟ್ರೆ ಆಯ್ತಲ್ಲ ಅನ್ನಿಸ್ತು. ಒಂದೇ ತಾಯಿ ಮಡಿಲಿಗೆ ಬಂದವರು ಅಂದ್ಮೇಲೆ ಅವಳಿಗಳೇ.

ದಿವಸವೆಂಬುವ ತಾಯ ಮಡಿಲಲಿ
ಕವಿತೆಯಂದದಿ ನುಡಿದನೊಬ್ಬನು
ಬೆವರು ಸುರಿಸುತ ದಾಂಡು ಬೀಸಿದನೊಬ್ಬನಂಗಳದಿ
ಇವಗೆ ಬೆಳ್ಳಿಯ ತೆರೆಯೆ ತೊಟ್ಟಿಲು
ಅವಗೆ ಹಚ್ಚನೆ ಬಯಲೆ ತೊಟ್ಟಿಲು
ಅವಳಿ ಮಕ್ಕಳ ನಡುವೆ ನಲ್ವತ್ತನಾಲ್ಕು ವರುಷವೆ!

"ಬ್ಯಾಟು" ಅಂತಾನೇ ಹಾಕ್ಬೇಕು ಅಂತ ಆಸೆ ಇತ್ತು, ಆದ್ರೆ "ಸುರಿಸುತ ಬ್ಯಾಟು" ಅಂದ್ರೆ ಮುಂದಿನ ಒತ್ತಕ್ಷರಕ್ಕೆ ತಕಾರ ಗುರು ಆಗಿ ನಾಲ್ಕಿದ್ದದ್ದು ಐದಾಗತ್ತೆ. ಅದಕ್ಕೆ ದಾಂಡು.

ಸಮಸ್ಯೆ ಕೊಟ್ಟವರು

ಮೊದಲ ಉತ್ತರಾನೇ ಇಷ್ಟು ಚೆನ್ನಾಗಿ ಬಂತಲ್ಲ, ತುಂಬಾ ಖುಷಿ ಆಯ್ತು. "ದಿವಸವೆಂಬುವ ತಾಯ ಮಡಿಲಲಿ" ಅನ್ನೋ ಒಂದೇ ಸಾಲಲ್ಲಿ ಗಂಟು ಬಿಚ್ಚಿಕೊಳ್ತು. ಎರಡು ತೊಟ್ಟಿಲೂ ಚೆನ್ನ. ಎರಡನೇ ಸಾಲು ಮಾತ್ರ ಸ್ವಲ್ಪ ತೆಳು ಅನ್ನಿಸ್ತು ನಂಗೆ, "ಕವಿತೆಯಂದದಿ ನುಡಿದ" ಅಂದ್ರೆ ಯಾರಿಗೆ ಬೇಕಾದ್ರೂ ಹೇಳಬಹುದು. ಅಣ್ಣಾವ್ರು ಬರೀ ನುಡಿದವರಲ್ಲ, ಹಾಡಿದವರು, ಜೀವನ ಚೈತ್ರದ ಹಾಡಿಗೆ ಗಾಯಕರಾಗಿ ರಾಷ್ಟ್ರಪ್ರಶಸ್ತಿ ತಗೊಂಡವರು. ನಟನೆಗಲ್ಲ, ಹಾಡಿಗೆ! ಅದು ಪದ್ಯದಲ್ಲಿ ಬರ್ಬೇಕು.

ಉತ್ತರ 2

ಗುರುಗಳೇ ನಾನು ಹೊಸಬ, ಛಂದಸ್ಸು ಕಲೀತಾ ಇದೀನಿ, ತಪ್ಪಿದ್ರೆ ತಿದ್ದಿ. ಅಣ್ಣಾವ್ರ ಊರಿನ ಹೆಸರು, ಮುತ್ತುರಾಜ್ ಅನ್ನೋ ಮೊದಲಿನ ಹೆಸರು ಎರಡೂ ಬರ್ಬೇಕು ಅಂತ ಮೊದಲ ಸಾಲು ಹೀಗೆ ಮಾಡ್ದೆ, "ಇವನು ಗಾಜನೂರ ಮುತ್ತು". ಹಾಡಿಕೊಂಡ್ರೆ ಎಲ್ಲೋ ಎಡವತ್ತೆ, ಎಲ್ಲಿ ಅಂತ ಗೊತ್ತಾಗ್ತಿಲ್ಲ.

ಸಮಸ್ಯೆ ಕೊಟ್ಟವರು

ತಮ್ಮಾ, ಹಾಡಿಕೊಂಡು ನೋಡಿದ್ಯಲ್ಲ, ಅದೇ ಅರ್ಧ ಕಲ್ತ ಹಾಗೆ. ಈಗ ಹೆಬ್ಬೆರಳಿಂದ ಗೆಣ್ಣು ಎಣಿಸ್ತಾ ಬಾ. ಇ, ವ, ನು, ಮೂರು ಆಯ್ತು, ಸರಿ. ಮುಂದೆ ನಾಲ್ಕು ಬೇಕು. ಗಾ ಎರಡು, ಜ ಒಂದು, ಮೂರಾಯ್ತು, ಇನ್ನೊಂದು ಬೇಕು, ಆದ್ರೆ ಮುಂದಿರೋದು "ನೂ", ಅದು ಎರಡು. ಒಂದೇ ಅಕ್ಷರವನ್ನ ಕತ್ತರಿಸಿ ಅರ್ಧ ಈ ಗಣಕ್ಕೆ (ಮಾತ್ರೆಗಳ ಗುಂಪಿಗೆ) ಅರ್ಧ ಆ ಗಣಕ್ಕೆ ಕೊಡೋಕಾಗಲ್ಲ, ನೀನು ಎಡವಿದ್ದು ಅಲ್ಲೇ. ಆದ್ರೆ ಊರಿನ ಹೆಸರನ್ನ ಬಿಡ್ಬೇಡ, ಅದಕ್ಕೆ ಸರಿಯಾದ ಜಾಗ ಹುಡುಕು. "ಗಾಜ" ಮೂರು, "ನೂರಿನ" ನಾಲ್ಕು, ಹೇಳಿ ಮಾಡಿಸಿದ ಹಾಗೆ ಮೂರು ನಾಲ್ಕು! ಸಾಲಿನ ಎರಡನೇ ಅರ್ಧಕ್ಕೆ ತಳ್ಳಿಬಿಡು:

ಕವಿದ ಕಾಡಿನ ಗಾಜನೂರಿನ
ಸವಿಗೊರಳ ಮುತ್ತೊಂದು ಹುಟ್ಟಿತು

ಮುತ್ತುರಾಜ್ ಹೆಸರೂ ಬಂತು, ಕೊರಳೂ ಬಂತು, ಮೇಲೆ ನಾನು ಕೇಳಿದ ಹಾಡೂ ಬಂತು. ಮೂರನೇ ಸಾಲಿಂದ ನೀನೇ ಮುಂದುವರಿಸು, ನಾನು ಮುಟ್ಟಲ್ಲ.

ಉತ್ತರ 3

ಎರಡು ದಿನ ಈ ಸಾಲು ತಲೇಲಿ ಸುತ್ತುತ್ತಾ ಇತ್ತು. ತಾಯಿಯ ಕಲ್ಪನೆ ಮೇಲಿನವರು ತಗೊಂಡುಬಿಟ್ರು, ನಾನು ತಂದೆಯ ಕಡೆಯಿಂದ ಬಂದೆ, ಸೂರ್ಯನ ಕಡೆಯಿಂದ. ಏಪ್ರಿಲ್ 24ಕ್ಕೆ ಸೂರ್ಯ ನಮ್ಮ ಪಂಚಾಂಗದ ಲೆಕ್ಕದಲ್ಲಿ ಮೇಷರಾಶೀಲಿ ಇರ್ತಾನೆ, 1929ರಲ್ಲೂ ಅಲ್ಲೇ, 1973ರಲ್ಲೂ ಅಲ್ಲೇ.

ರವಿಯು ಮೇಷದ ಮನೆಗೆ ಬರುತಲಿ
ಸವಿಯ ಕಂಠವ ನಾಡಿಗಿತ್ತನು
ತವಕದಲಿ ಮತ್ತೊಮ್ಮೆ ಬಂದವ ನೂರು ಶತಕವನು
ಕವಡೆಯಂದದಿ ಚೆಲ್ಲಿ ಹೋದನು
ಇವಗೆ ಲೆಕ್ಕವೆ ನಮ್ಮ ಕಾಲವು?
ಅವಳಿ ಮಕ್ಕಳ ನಡುವೆ ನಲ್ವತ್ತನಾಲ್ಕು ವರುಷವೆ?

ಉತ್ತರ 4

ಅಕ್ಕಾ!! ಕೊನೇ ಸಾಲನ್ನ ಪ್ರಶ್ನೆ ಮಾಡಿಬಿಟ್ರಲ್ಲ! ಮೇಷ್ಟ್ರು ಕೊಟ್ಟಿದ್ದು ಆಶ್ಚರ್ಯ, ನಲ್ವತ್ತನಾಲ್ಕು ವರುಷವೆ ಅಂತ ಬಾಯಿ ಮೇಲೆ ಕೈ ಇಟ್ಕೊಳ್ಳೋ ಸಾಲು, ನೀವು ಒಂದಕ್ಷರ ಮುಟ್ಟದೆ ಅದನ್ನೇ "ಅದೆಲ್ಲ ಒಂದು ವರುಷವೇ, ಸೂರ್ಯನಿಗೆ ಅದೊಂದು ಲೆಕ್ಕವೇ" ಅಂತ ತಿರುಗಿಸಿಬಿಟ್ರಿ. ಓದಿ ಮೈ ಜುಮ್ ಅಂತು.

ಸಮಸ್ಯೆ ಕೊಟ್ಟವರು

ನಾನು ಆ ಸಾಲು ಬರೆದಾಗ ಕೊನೆಯ ಏಕಾರ ಬರೀ ಗುರು ತುಂಬೋಕೆ ಅಂತ ಹಾಕಿದ್ದು, ಅದರೊಳಗೆ ಇಷ್ಟು ಅರ್ಥ ಇತ್ತು ಅಂತ ನಂಗೇ ಗೊತ್ತಿರಲಿಲ್ಲ ತಾಯಿ. ಅವಧಾನಗಳಲ್ಲಿ, ಅಂದ್ರೆ ಸಭೇಲಿ ಕೂತಲ್ಲೇ ಪದ್ಯ ಕಟ್ಟೋ ಪಂದ್ಯಗಳಲ್ಲಿ, ಪೃಚ್ಛಕರು (ಪ್ರಶ್ನೆ ಕೇಳೋರು) ಸಮಸ್ಯೆ ಕೊಟ್ಟಾಗ ಅವಧಾನಿಗಳು (ಉತ್ತರ ಕಟ್ಟೋರು) ಎಷ್ಟೋ ಸಲ ಪದ ಒಡೆದು, ಸಂಧಿ ಬೇರೆ ಥರ ಬಿಡಿಸಿ ಗೆಲ್ತಾರೆ, ಅದು ಜಾಣತನ. ಆದ್ರೆ ಏನನ್ನೂ ಒಡೆಯದೆ ಬರೀ ಧ್ವನಿ ಬದಲಾಯಿಸಿ ಗೆಲ್ಲೋದು ನಂಗೆ ಅದಕ್ಕಿಂತ ದೊಡ್ಡದು ಅನ್ನಿಸತ್ತೆ. "ಕವಡೆಯಂದದಿ ಚೆಲ್ಲಿ" ಕೂಡ ಒಳ್ಳೇ ಮಾತು. ನೂರು ಅಂತಾರಾಷ್ಟ್ರೀಯ ಶತಕ, 51 ಟೆಸ್ಟಲ್ಲಿ, 49 ಒಂದು ದಿನದ ಪಂದ್ಯಗಳಲ್ಲಿ, ನೂರನೆಯದು ಬಂದದ್ದು 2012ರ ಮಾರ್ಚ್ 16ಕ್ಕೆ ಮೀರ್‌ಪುರದಲ್ಲಿ. ಅದಕ್ಕೆ ಮುಂಚಿನ ಒಂದು ವರ್ಷ ಇಡೀ ದೇಶ ಕಾದಿತ್ತಲ್ಲ, ಸೂರ್ಯ ಅದನ್ನೂ ಕವಡೆ ಥರ ಚೆಲ್ಲಿ ಹೋದ ಅಂದ್ರೆ ಆ ಸೂರ್ಯ ಎಷ್ಟು ಉದಾರಿ ಇರ್ಬೇಕು!

ಉತ್ತರ 5

ಒಂದು ವಿಷಯ ಇಲ್ಲಿ ಹೇಳ್ಲೇಬೇಕು. ಸಚಿನ್ ಅನ್ನೋ ಹೆಸರೇ ಸಂಗೀತ ನಿರ್ದೇಶಕ ಸಚಿನ್ ದೇವ್ ಬರ್ಮನ್ ಅವರದ್ದು, ತಂದೆಗೆ ಬರ್ಮನ್ ಅಂದ್ರೆ ಪ್ರಾಣ ಅಂತ ಇಟ್ಟ ಹೆಸರು. ಆ ತಂದೆ ರಮೇಶ್ ತೆಂಡೂಲ್ಕರ್ ಮರಾಠಿ ಕವಿ. ಅಂದ್ರೆ ಕ್ರಿಕೆಟಿಗನ ಹೆಸರಲ್ಲೇ ಹಾಡು ಕೂತಿದೆ, ಮನೇಲೇ ಕವಿತೆ ಇದೆ. ಅಣ್ಣಾವ್ರ ತಂದೆ ಪುಟ್ಟಸ್ವಾಮಯ್ಯನವರು ರಂಗಭೂಮಿ ಕಲಾವಿದರು. ಇಬ್ಬರೂ ಕಲಾವಿದರ ಮಕ್ಕಳೇ ಅಂದ್ಮೇಲೆ ಅವಳಿ ಅನ್ನೋದಕ್ಕೆ ಇನ್ನೂ ಒಂದು ಆಧಾರ ಸಿಕ್ತು. ಇದನ್ನ ಯಾರಾದ್ರೂ ಪದ್ಯ ಮಾಡಿ, ನಂಗೆ ವಿಷಯ ಹೊಳೆಯತ್ತೆ, ಪ್ರಾಸ ಹೊಳೆಯಲ್ಲ.

ಉತ್ತರ 6

ಏಪ್ರಿಲ್ 24 ಅಂದ್ರೆ ನಂಗೆ ಶಾರ್ಜಾ. 1998, ಕೋಕಾ ಕೋಲಾ ಕಪ್ ಫೈನಲ್, ಸಚಿನ್‌ಗೆ ಅವತ್ತು 25 ತುಂಬಿತ್ತು, ಆಸ್ಟ್ರೇಲಿಯಾ 272 ಹೊಡೆದಿತ್ತು, ಸಚಿನ್ ಒಬ್ಬರೇ 134, ಆರು ವಿಕೆಟ್‌ಗೆ ಗೆದ್ವಿ. ಎಲ್ಲರಿಗೂ ಗೊತ್ತಿರೋ ಕತೆ ಇದು. ಆದ್ರೆ ತುಂಬ ಜನ ಗಮನಿಸದೆ ಇರೋದು ಇನ್ನೊಂದಿದೆ, ಅವತ್ತು ಎದುರಿಗೆ ಬೌಲಿಂಗ್ ಮಾಡ್ತಿದ್ದ ಡೇಮಿಯನ್ ಫ್ಲೆಮಿಂಗ್ ಹುಟ್ಟಿದ್ದೂ ಏಪ್ರಿಲ್ 24ಕ್ಕೇ, 1970ರಲ್ಲಿ! ಎರಡು ದಿನ ಮುಂಚೆ, ಮರಳು ಬಿರುಗಾಳಿ ಎದ್ದ ಆ ಮ್ಯಾಚಲ್ಲಿ ಸಚಿನ್ 143 ಹೊಡೆದಾಗ ಅವರನ್ನ ಔಟ್ ಮಾಡಿದ್ದೂ ಇದೇ ಫ್ಲೆಮಿಂಗ್. ಒಂದೇ ದಿನ ಹುಟ್ಟಿದ ಇಬ್ಬರು ಹುಟ್ಟಿದ ದಿನವೇ ಎದುರಾಬದುರು ನಿಂತು ಒಬ್ಬರು ಗೆದ್ದು ಒಬ್ಬರು ಸೋತ್ರು. ಇದಕ್ಕಿಂತ ಒಳ್ಳೇ ಸಮಸ್ಯೆ ಎಲ್ಲಿ ಸಿಗತ್ತೆ ಅಂತ ನಾನೇ ಒಂದು ಸಾಲು ಮಾಡಿದೀನಿ, ಐದೈದು ಮಾತ್ರೆ ನಾಲ್ಕು ಸಲ, ನಾಲ್ಕು ಸಾಲಿನ ಚೌಪದಿ:

ಹುಟ್ಟಿದ ದಿನದ ಗೆಲುವು ಹುಟ್ಟಿದ ದಿನದ ಸೋಲು

ಉತ್ತರ 3

ಒತ್ತಿನ ಟಕಾರ, ಹಯಪ್ರಾಸ, ಕುದುರೆ ಓಡಿದ ಹಾಗೆ ಓಡತ್ತೆ. ಕೂತಲ್ಲೇ ಬಂತು ನೋಡಿ:

ದಿಟ್ಟ ದಾಂಡಿಗನೊಬ್ಬ ದಿಟ್ಟ ಚೆಂಡೆಸೆವವನು
ಕಟ್ಟಿದರು ಮರಳುನಾಡಿನಲಿ ಕಾಳಗದಾಟ
ತೊಟ್ಟಿಲಿಗೆ ಬಂದ ದಿನವೊಂದೆ ಇಬ್ಬರಿಗಂದು
ಹುಟ್ಟಿದ ದಿನದ ಗೆಲುವು ಹುಟ್ಟಿದ ದಿನದ ಸೋಲು

ಇಬ್ಬರಿಗೂ "ದಿಟ್ಟ" ಅಂತಾನೇ ಬೇಕಂತ ಹಾಕಿದ್ದು. ಸೋತವರ ಹುಟ್ಟುಹಬ್ಬಾನೂ ಹುಟ್ಟುಹಬ್ಬವೇ.

ಉತ್ತರ 1

ಅಕ್ಕ, ಆ ಕೊನೇ ಮಾತು ಪದ್ಯಕ್ಕಿಂತ ಚೆನ್ನಾಗಿದೆ.

ಉತ್ತರ 7

ಬೇರೆ ತಾರೀಕು ತಂದ್ರೆ ಬೈಬೇಡಿ. ಮಾರ್ಚ್ 17. ಅಪ್ಪು ಹುಟ್ಟಿದ್ದು 1975ರಲ್ಲಿ, ಸೈನಾ ನೆಹ್ವಾಲ್ 1990ರಲ್ಲಿ. ಸೈನಾ 2012ರ ಲಂಡನ್ ಒಲಿಂಪಿಕ್ಸಲ್ಲಿ ಕಂಚು ಗೆದ್ದಾಗ ಬ್ಯಾಡ್ಮಿಂಟನ್‌ನಲ್ಲಿ ಭಾರತಕ್ಕೆ ಅದೇ ಮೊದಲ ಒಲಿಂಪಿಕ್ ಪದಕ. ಅಪ್ಪು ಬೆಟ್ಟದ ಹೂವು ಚಿತ್ರಕ್ಕೆ ಬಾಲನಟನಾಗಿ ರಾಷ್ಟ್ರಪ್ರಶಸ್ತಿ ತಗೊಂಡಾಗ ಸೈನಾ ಇನ್ನೂ ಹುಟ್ಟೇ ಇರಲಿಲ್ಲ. ಸಮಸ್ಯೆ ಗಿಮಸ್ಯೆ ಏನಿಲ್ಲ, ಸುಮ್ನೆ ಎರಡು ಸಾಲು ಬಂತು:

ಅಪ್ಪುವಿನ ನಗುವಿಗೂ ಸೈನಾಳ ಪದಕಕೂ
ಒಪ್ಪಿ ಕೊಟ್ಟಿತು ಮಾರ್ಚಿ ಹದಿನೇಳು ಮುತ್ತ

ಸಮಸ್ಯೆ ಕೊಟ್ಟವರು

ಬೈಯೋದು ಯಾಕೆ, ಓದಿ ಗಂಟಲು ಕಟ್ಟಿತು. "ಮಾರ್ಚಿ" ಅಂತ ಜನರ ಬಾಯಿಯ ರೂಪ ಇಟ್ಟಿದ್ದು ಒಳ್ಳೇದಾಯ್ತು, ಮಾರ್ಚ್ ಅಂತ ಹಾಕಿದ್ರೆ ಲೆಕ್ಕಾನೂ ಕೆಡ್ತಿತ್ತು ಸಾಲೂ ಒರಟಾಗ್ತಿತ್ತು. 2021ರ ಅಕ್ಟೋಬರ್ 29ಕ್ಕೆ ಅಪ್ಪು ಹೋದ್ಮೇಲೆ ಮಾರ್ಚ್ 17ಕ್ಕೆ ಹುಟ್ಟುಹಬ್ಬದ ಪದ್ಯ ಬರಿಯೋಕೆ ಕೂತ್ರೆ ಕೈ ಚರಮಗೀತೆ ಕಡೆಗೇ ಹೋಗತ್ತೆ, ನೀವು ನಗುವಲ್ಲೇ ನಿಲ್ಲಿಸಿದ್ರಿ, ಅದಕ್ಕೆ ತುಂಬ ಥ್ಯಾಂಕ್ಸ್. ಅಣ್ಣಾವ್ರ ವಿಷಯದಲ್ಲೂ ಹಾಗೇ ಅಲ್ವಾ, 2006ರ ಏಪ್ರಿಲ್ 12ಕ್ಕೆ ಹೋದ್ರು, ಇನ್ನು ಹನ್ನೆರಡು ದಿನ ಕಳೆದಿದ್ರೆ 77 ತುಂಬ್ತಿತ್ತು. ನಮಗೆ ಏಪ್ರಿಲ್ ತಿಂಗಳಲ್ಲಿ ಎರಡೂ ಇದೆ. ಆದ್ರೂ ನಾವು ಇಲ್ಲಿ ಹುಟ್ಟಿದ ದಿನವನ್ನೇ ಹಿಡ್ಕೊಳ್ಳೋಣ.

ಉತ್ತರ 2

ಗುರುಗಳೇ, ಮುಗಿಸಿದೆ. ಮೊದಲ ಎರಡು ಸಾಲು ನಿಮ್ಮದು, ಆರನೆಯದೂ ನಿಮ್ಮದು, ಮಧ್ಯದ ಮೂರು ನನ್ನದು. ಗೆಣ್ಣು ಎಣಿಸಿ ಎಣಿಸಿ ಹೆಬ್ಬೆರಳು ನೋವು ಬಂದಿದೆ.

ಕವಿದ ಕಾಡಿನ ಗಾಜನೂರಿನ
ಸವಿಗೊರಳ ಮುತ್ತೊಂದು ಹುಟ್ಟಿತು
ಕವಿಯ ಮನೆಯಲಿ ಮುಂಬಯಲಿ ಮತ್ತೊಂದು ಮುತ್ತಾಯ್ತು
ಕಿವಿಗೆ ಹಬ್ಬವನೊಂದು ತಂದಿತು
ಯುವಕರೆದೆಯನು ಒಂದು ಗೆದ್ದಿತು
ಅವಳಿ ಮಕ್ಕಳ ನಡುವೆ ನಲ್ವತ್ತನಾಲ್ಕು ವರುಷವೆ!

ಸಮಸ್ಯೆ ಕೊಟ್ಟವರು

ಎಣಿಸಿ ನೋಡಿದೆ, ಎಲ್ಲೂ ತಪ್ಪಿಲ್ಲ. ಉತ್ತರ 5ರವರು ಕೇಳಿದ ಕವಿಯ ಮನೇನೂ ಬಂತು ನೋಡಿ, "ಕವಿಯ ಮನೆಯಲಿ", ರಮೇಶ್ ತೆಂಡೂಲ್ಕರ್ ಅವರ ಮನೆ. ಪ್ರಾಸ ಹೊಳೆಯಲ್ಲ ಅಂದ್ರಲ್ಲ ಅವರು, ಹೊಸ ಹುಡುಗನಿಗೆ ಹೊಳೀತು. ಮುಂದಿನ ಸಲದಿಂದ ನೀನು ಕೇಳೋ ಕಡೆ ಅಲ್ಲ, ಕೊಡೋ ಕಡೆ ತಮ್ಮಾ.

ಈ ದಾರ ಇಲ್ಲಿಗೆ ಕಟ್ತೀನಿ, ಮುಂದಿನ ವಾರಕ್ಕೆ ಸಾಲು ತಗೊಳ್ಳಿ. ತಾರೀಕು ಡಿಸೆಂಬರ್ 12. ರಜನೀಕಾಂತ್ ಹುಟ್ಟಿದ್ದು 1950ರಲ್ಲಿ, ಯುವರಾಜ್ ಸಿಂಗ್ 1981ರಲ್ಲಿ. ಯುವರಾಜ್ 2007ರ ಸೆಪ್ಟೆಂಬರ್ 19ಕ್ಕೆ ಡರ್ಬನ್‌ನಲ್ಲಿ ಇಂಗ್ಲೆಂಡ್ ಮೇಲೆ ಒಂದೇ ಓವರಿಗೆ ಆರು ಸಿಕ್ಸರ್ ಎತ್ತಿದಾಗ ಐವತ್ತು ರನ್ ಆಗೋಕೆ ಎಷ್ಟು ಚೆಂಡು ಬೇಕಾಯ್ತು ಅಂತ ಎಲ್ಲರಿಗೂ ನೆನಪಿರತ್ತೆ. ಚೌಪದಿ, ಐದು ಐದು ಐದು ಮೂರು, ಒತ್ತಿನ ನಕಾರ:

ಹನ್ನೆರಡು ಹನ್ನೆರಡು ಹನ್ನೆರಡು ಚೆಂಡು