ಭುವನೇಶ್ವರಕ್ಕೆ ವರ್ಗ ಆಗಿದೆ, ಚಂಡಮಾರುತಕ್ಕೆ ಏನೇನು ಸಿದ್ಧ ಮಾಡಿಕೊಳ್ಳಬೇಕು?

ಪ್ರಶ್ನೆ: ನಾವು ದಾವಣಗೆರೆ ಕಡೆಯವರು. ನಮ್ಮನೆಯವರಿಗೆ ಭುವನೇಶ್ವರಕ್ಕೆ ವರ್ಗ ಆಗಿದೆ. ಐದನೇ ಮಹಡಿಯಲ್ಲಿ ಬಾಡಿಗೆ ಫ್ಲ್ಯಾಟು, ಜೊತೆಗೆ ಶುಗರ್ ಇರುವ ಅತ್ತೆ. ಚಂಡಮಾರುತವನ್ನು ಟಿವಿಯಲ್ಲಿ ನೋಡಿದ್ದಷ್ಟೇ. ಅನುಭವ ಇದ್ದವರು ಹೇಳ್ತೀರಾ?

ಭುವನೇಶ್ವರದಲ್ಲಿ ಇದ್ದವರು:
ಮೇಡಂ, 2019ರ ಮೇ 3ರಂದು ಫೋನಿ ಚಂಡಮಾರುತ ಬಂದಾಗ ನಾವು ಅಲ್ಲೇ ಇದ್ದೆವು. ಅದು ಏಪ್ರಿಲ್ ಕೊನೆಯಲ್ಲಿ ಭೂಮಧ್ಯರೇಖೆಯ ಹತ್ತಿರ ಹುಟ್ಟಿ, ಒಂದು ವಾರ ಬಿಸಿ ಸಮುದ್ರದ ಮೇಲೇ ಸುತ್ತಾಡಿ ಬಲಿತು ಬಂದಿದ್ದು. ಹಾಗಾಗಿ ಎಚ್ಚರಿಕೆ ಕೊಡಲು ಟೈಮ್ ಸಿಕ್ಕಿತು. ಸುಮಾರು 12 ಲಕ್ಷ ಜನರನ್ನು ಮೊದಲೇ ಸುರಕ್ಷಿತ ಜಾಗಕ್ಕೆ ಕಳಿಸಿದರು. 1999ರ ಸೂಪರ್ ಸೈಕ್ಲೋನಿನಲ್ಲಿ ಹತ್ತು ಸಾವಿರದಷ್ಟು ಜನ ತೀರಿಕೊಂಡ ರಾಜ್ಯ ಅದು. ನಮ್ಮ ಅಕ್ಕಪಕ್ಕದವರಂತೂ ಎಚ್ಚರಿಕೆ ಬಂದರೆ ವಾದ ಮಾಡುತ್ತಿರಲಿಲ್ಲ, ನೀವೂ ಮಾಡಬೇಡಿ.

ಪುರಿಯಲ್ಲಿ ಗಾಳಿ ಗಂಟೆಗೆ 175 ಕಿ.ಮೀ. ದಾಟಿತ್ತು. ಭುವನೇಶ್ವರ ಅಲ್ಲಿಂದ ಸುಮಾರು 60 ಕಿ.ಮೀ. ಒಳಗೆ ಇದ್ದರೂ ನಮ್ಮ ಸ್ಲೈಡಿಂಗ್ ಕಿಟಕಿ ಗಡಗಡ ಅಂತಿತ್ತು. ಚಿಲಕ ಹಾಕಿದ್ದರೂ ಕೆಳಗಿನ ಅಲ್ಯೂಮಿನಿಯಂ ಟ್ರ್ಯಾಕಿನಿಂದ ನೀರು ಬುಳುಬುಳು ಉಕ್ಕಿ ಹಾಲಿಗೆ ಬಂತು. ಹಳೇ ಬೆಡ್‌ಶೀಟು ತುರುಕುವುದು, ಹಿಂಡುವುದು, ಮತ್ತೆ ತುರುಕುವುದು. ಹಳೇ ಬಟ್ಟೆ ಎಸೆಯಬೇಡಿ! ಬಾಲ್ಕನಿಯ ಕುಂಡ, ಕುರ್ಚಿ ಎಲ್ಲ ಒಳಗೆ ತನ್ನಿ. ಅತ್ತೆಯವರನ್ನು ಕಿಟಕಿ ಇಲ್ಲದ ಪ್ಯಾಸೇಜಿನಲ್ಲಿ ಕೂರಿಸಿ.

ಗಾಳಿ ಕೆಲವು ಗಂಟೆಗಳಲ್ಲಿ ಮುಗಿಯುತ್ತೆ. ನಿಜವಾದ ಕಷ್ಟ ಆಮೇಲೆ. ಕಂಬಗಳು ಸಾಲಾಗಿ ಬಿದ್ದಿದ್ದವು. ಕರೆಂಟಿಲ್ಲ ಅಂದ್ರೆ ಮೋಟರ್ ಇಲ್ಲ, ಲಿಫ್ಟ್ ಇಲ್ಲ, ನೆಟ್‌ವರ್ಕೂ ಇಲ್ಲ. ಮೇ ತಿಂಗಳ ಆ ಸೆಕೆಯಲ್ಲಿ ಕೊಡ ಹೊತ್ತು ಮೆಟ್ಟಿಲು ಹತ್ತಿದ್ದೇವೆ. ನಿಮ್ಮದು ಐದನೇ ಮಹಡಿ ಅಲ್ವಾ, ಡ್ರಮ್ಮು, ಬಕೆಟ್ಟು, ಕುಕ್ಕರು, ಏನಿದೆಯೋ ಅದರಲ್ಲೆಲ್ಲ ನೀರು ತುಂಬಿಸಿಡಿ.

ಚೆನ್ನೈನಿಂದ:
ಒಂದು ಮುಖ್ಯ ವಿಷಯ ಬಿಟ್ಟುಹೋಗಿದೆ. 2016ರ ಡಿಸೆಂಬರ್ 12ರಂದು ವಾರ್ದಾ ಬಂದಾಗ ಜೋರು ಗಾಳಿ ಇದ್ದಕ್ಕಿದ್ದಂತೆ ನಿಂತುಬಿಟ್ಟಿತು. ಮುಗೀತು ಅಂತ ನಮ್ಮ ಬೀದಿಯವರು ಬೈಕ್ ನೋಡಲು ಇಳಿದರು. ಅದು ಚಂಡಮಾರುತದ ಕಣ್ಣು, ನಡುವಿನ ಶಾಂತ ಜಾಗ. ಅದು ದಾಟಿದ ಮೇಲೆ ಗಾಳಿ ಎದುರು ದಿಕ್ಕಿನಿಂದ ಬೀಸುತ್ತೆ. ಅರ್ಧ ಅಲುಗಾಡಿದ್ದ ಮರ ಆಗ ಬೀಳುತ್ತೆ. ಹವಾಮಾನ ಇಲಾಖೆ ಹೇಳುವವರೆಗೂ ಹೊರಗೆ ಹೋಗಬೇಡಿ. ಕೈಯಲ್ಲಿ ಕ್ಯಾಶ್ ಇರಲಿ. ನಮಗೆ ಅದು ನೋಟು ರದ್ದಾದ ಸಮಯ ಬೇರೆ, ಕಾರ್ಡ್ ಮೆಷಿನ್ ಸತ್ತಿತ್ತು, ಹಾಲಿಗೂ ಪರದಾಟ.

ಮಲ್ಪೆಯಿಂದ:
ನಕ್ಷೆಯಲ್ಲಿ ಚಂಡಮಾರುತದ ದಾರಿ ತೋರಿಸುವ ಗೆರೆ ನಮ್ಮೂರ ಮೇಲಿಲ್ಲ ಅಂತ ಸುಮ್ನೆ ಕೂರಬೇಡಿ. 2021ರ ತೌಕ್ತೆ ನೆಲ ಮುಟ್ಟಿದ್ದು ಗುಜರಾತಿನಲ್ಲಿ. ಆದರೂ ಅದು ಇಲ್ಲಿ ದೂರದಲ್ಲಿ ಹಾದುಹೋಗುವಾಗಲೇ ಉಡುಪಿ ಜಿಲ್ಲೆಯ ನಾಡ ಅನ್ನೋ ಊರಲ್ಲಿ ಒಂದೇ ದಿನ 385 ಮಿ.ಮೀ. ಮಳೆ ಸುರಿಯಿತು. ಕಾಪು ಹತ್ತಿರ ಬಂಡೆಗೆ ಸಿಕ್ಕಿದ ಟಗ್ಗಿನಿಂದ (ಹಡಗು ಎಳೆಯುವ ದೋಣಿ) ಒಂಬತ್ತು ಜನರನ್ನು ರಕ್ಷಿಸಬೇಕಾಯಿತು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕರೆಂಟ್ ಇಲ್ಲದಿದ್ದರೆ ಅತ್ತೆಯ ಇನ್ಸುಲಿನ್ ಹೇಗೆ?

ಭುವನೇಶ್ವರದಲ್ಲಿ ಇದ್ದವರು:
ದೊಡ್ಡ ಮಣ್ಣಿನ ಮಡಕೆಯೊಳಗೆ ಸಣ್ಣದು ಇಟ್ಟು, ನಡುವೆ ಒದ್ದೆ ಮರಳು ತುಂಬಿ, ಮೇಲೆ ಒದ್ದೆ ಬಟ್ಟೆ ಮುಚ್ಚಿ. ನೆರಳಿನಲ್ಲಿ, ಗಾಳಿ ಆಡುವ ಕಡೆ ಇರಲಿ. ಇನ್ಸುಲಿನ್ ಬಾಟಲಿಗೆ ನೀರು ತಾಗದ ಹಾಗೆ ಡಬ್ಬಿಯಲ್ಲಿ ಹಾಕಿ ಸಣ್ಣ ಮಡಕೆಯೊಳಗೆ ಇಡಿ. ಎಷ್ಟು ದಿನ ತಡೆಯುತ್ತೆ ಅಂತ ಡಾಕ್ಟರನ್ನು ಈಗಲೇ ಕೇಳಿಟ್ಟುಕೊಳ್ಳಿ, ಆಗ ಫೋನ್ ಹೋಗಲ್ಲ.