ಹಳೇ ಕಮೋಡ್‌ಗೆ ಹೊಸ ಫ್ಲಶ್ ಟ್ಯಾಂಕ್ ಹಾಕಿದರೆ ಸಾಕಾ?

ಪ್ರಶ್ನೆ: ನಮ್ಮದು ಬೆಂಗಳೂರಿನಲ್ಲಿ ಹಳೇ ಮನೆ, ನಾಲ್ಕು ಜನ ಇದ್ದೇವೆ. ಬೇಸಿಗೆಯಲ್ಲಿ ಬೋರ್‌ವೆಲ್ ಕೈಕೊಡುತ್ತದೆ, ಟ್ಯಾಂಕರ್ ತರಿಸಬೇಕು. ಎರಡು ಬಟನ್ನಿನ ಟ್ಯಾಂಕ್ ಹಾಕಿಸಿ, ನೀರು ಉಳಿಯುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ಕಮೋಡ್ ಹಳೆಯದೇ ಇರಬಹುದಾ?

ಉತ್ತರ (ಪ್ಲಂಬಿಂಗ್ ಎಂಜಿನಿಯರ್): ಟ್ಯಾಂಕ್ ಒಂದನ್ನೇ ಬದಲಾಯಿಸಬೇಡಿ. ಹಳೇ ಕಮೋಡ್‌ಗಳು 10 ಲೀಟರ್, ಕೆಲವು 12.5 ಲೀಟರ್ ನೀರಿಗೆ ಅಂತಲೇ ಮಾಡಿದವು. ಅದಕ್ಕೆ ಹೊಸ ಟ್ಯಾಂಕಿನ 6 ಲೀಟರ್ ಬಿಟ್ಟರೆ ಪೂರ್ತಿ ಹೋಗುವುದಿಲ್ಲ, ಇನ್ನೊಂದು ಸಲ ಒತ್ತುತ್ತೀರಿ. 6 ಮತ್ತು 6, 12 ಆಯ್ತಲ್ವಾ? ಕಮೋಡ್, ಟ್ಯಾಂಕ್ ಎರಡೂ ಒಂದೇ ಕಂಪನಿಯ ಜೋಡಿ ಇರಲಿ, 3/6 ಲೀಟರಿನದು, ಅಂದರೆ ಚಿಕ್ಕ ಬಟನ್ ಒತ್ತಿದರೆ 3, ದೊಡ್ಡದು ಒತ್ತಿದರೆ 6 ಲೀಟರ್.

ಲೆಕ್ಕ ನೋಡಿ. ಒಬ್ಬರು ದಿನಕ್ಕೆ ಐದು ಸಲ ಅಂದುಕೊಂಡರೆ ಮನೆಗೆ 20 ಫ್ಲಶ್. ಹಳೆಯದರಲ್ಲಿ 200 ಲೀಟರ್. ಹೊಸದರಲ್ಲಿ ನಾಲ್ಕು ದೊಡ್ಡದು, ಹದಿನಾರು ಚಿಕ್ಕದು, ಒಟ್ಟು 72. ಆದರೆ ಮನೆಯವರೆಲ್ಲ ಯಾವಾಗಲೂ ದೊಡ್ಡ ಬಟನ್ನನ್ನೇ ಒತ್ತಿದರೆ 120. ಯಾವ ಬಟನ್ ಯಾವುದಕ್ಕೆ ಅಂತ ಮಕ್ಕಳಿಗೆ, ನೆಂಟರಿಗೆ ಹೇಳಿಕೊಡಿ. ಈ ಎರಡು ಬಟನ್ನಿನ ಪದ್ಧತಿ ಶುರುವಾಗಿದ್ದು 1980ರ ಸುಮಾರಿಗೆ, ಆಸ್ಟ್ರೇಲಿಯಾದಲ್ಲಿ. ಅವರಿಗೂ ನೀರಿನದೇ ತಾಪತ್ರಯ.

ಇನ್ನೊಬ್ಬರು: 4 ಲೀಟರಿನದೂ ಸಿಗುತ್ತೆ ಅಂತಾರೆ. ಅದನ್ನೇ ಹಾಕಿಸಿದರೆ ಇನ್ನೂ ಜಾಸ್ತಿ ಉಳಿಯಲ್ವಾ?

ಉತ್ತರ: ಅದಕ್ಕೆ ಪೈಪ್ ಒಪ್ಪಬೇಕಲ್ಲ! ಕಮೋಡ್ ಕ್ಲೀನ್ ಆದರೆ ಕೆಲಸ ಮುಗಿಯಲಿಲ್ಲ, ಚೇಂಬರ್‌ವರೆಗೆ ಎಲ್ಲ ಕೊಚ್ಚಿಕೊಂಡು ಹೋಗಬೇಕು. ಹಳೇ ಮನೆಯಲ್ಲಿ ಪೈಪ್ ಉದ್ದ ಇದ್ದು ಇಳಿಜಾರು ಕಡಿಮೆ ಇದ್ದರೆ ಮಧ್ಯದಲ್ಲೇ ನಿಂತು ಕಟ್ಟಿಕೊಳ್ಳುತ್ತದೆ. ಅಂಥ ಕಡೆ ನಾನು 6ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪೈಪ್ ಚಿಕ್ಕದು, ಇಳಿಜಾರು ಚೆನ್ನಾಗಿದೆ ಅಂದರೆ ಧೈರ್ಯವಾಗಿ ಹಾಕಿಸಿ.

ಮತ್ತೊಬ್ಬರು: ಊರಿನ ಮನೆಯಲ್ಲಿ ಇಂಡಿಯನ್ ಟಾಯ್ಲೆಟ್. ಅದನ್ನು ಕಿತ್ತು ಕಮೋಡ್ ಹಾಕಿಸಬೇಕಾ?

ಉತ್ತರ: ನೀರು ಉಳಿಸುವುದಕ್ಕಾದರೆ ಸುಮ್ನೆ ಖರ್ಚು. ಗುಂಡಿಗೆ ಹೋಗುವ ಟಾಯ್ಲೆಟ್‌ಗಳಿಗೆ ಅಂತಲೇ ರೂರಲ್ ಪ್ಯಾನ್ ಇದೆ. ಅದರ ತಳ 25ರಿಂದ 28 ಡಿಗ್ರಿ ಕಡಿದಾಗಿ ಇಳಿದಿರುತ್ತದೆ, ಟ್ರ್ಯಾಪಿನಲ್ಲಿ, ಅಂದರೆ ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಪೈಪಿನಲ್ಲಿ, ನಿಲ್ಲುವ ನೀರು 20 ಮಿಲಿಮೀಟರ್ ಮಾತ್ರ. ಒಂದೂವರೆ, ಎರಡು ಲೀಟರ್ ಚೊಂಬಿನಲ್ಲಿ ಸುರಿದರೆ ಸಾಕು. ಯಾವ ದುಬಾರಿ ಕಮೋಡೂ ಇದರ ಹತ್ತಿರ ಬರುವುದಿಲ್ಲ. ವಯಸ್ಸಾದವರಿಗೆ ಮಂಡಿ ನೋವಿದ್ದರೆ ಮಾತು ಬೇರೆ.

ಮೊದಲು ಕೇಳಿದವರು: ಸರಿ, ಜೋಡಿಯನ್ನೇ ತರುತ್ತೇನೆ. ಅಂಗಡಿಗೆ ಹೋಗುವ ಮುಂಚೆ ಏನು ನೋಡಿಕೊಳ್ಳಬೇಕು?

ಉತ್ತರ: ಹೊಲಸು ಹೋಗುವ ಪೈಪ್ ನೆಲಕ್ಕೆ ಇಳಿದಿದ್ದರೆ ಎಸ್ ಟ್ರ್ಯಾಪ್, ಗೋಡೆಗೆ ಹೋಗಿದ್ದರೆ ಪಿ ಟ್ರ್ಯಾಪ್ ಕೇಳಿ. ಎಸ್ ಟ್ರ್ಯಾಪ್ ಆದರೆ ಗೋಡೆಯಿಂದ ತೂತಿನ ಮಧ್ಯಕ್ಕೆ ಎಷ್ಟು ಇಂಚು ಅಂತ ಅಳೆಯಿರಿ. ಟೈಲ್ಸ್ ಮೇಲಿಂದ ಅಳೆಯಬೇಕು, ಇಲ್ಲದಿದ್ದರೆ ತಂದ ಕಮೋಡ್ ಕೂರುವುದೇ ಇಲ್ಲ.

ಹೊಸದು ಬರುವವರೆಗೆ ಹಳೇ ಟ್ಯಾಂಕಿಗೆ ಕೇಸರಿಬಾತ್‌ಗೆ ಹಾಕುವ ಬಣ್ಣ ಒಂದು ಚಿಟಿಕೆ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನ ನೀರಿಗೆ ಬಣ್ಣ ಬಂದರೆ ಒಳಗೇ ಸೋರುತ್ತಿದೆ. ಬೋರ್‌ವೆಲ್ ನೀರಿನ ಉಪ್ಪು ವಾಷರ್ ಮೇಲೆ ಕೂತು ಹೀಗಾಗುತ್ತದೆ, ಸದ್ದೇ ಬರುವುದಿಲ್ಲ. ಆ ವಾಷರನ್ನು ಇವತ್ತೇ ಬದಲಾಯಿಸಿ.